ಸಭೆ ಬೆಳೆದಾಗ ಸಭಾ ಹಿರಿಯರ ಕೆಲಸ: ಎಲ್ಲಿಂದ ಶುರು ಮಾಡಬೇಕು?

ಚರ್ಚಿನ ಮಹಾಸಭೆಯಲ್ಲಿ ನಿಮ್ಮನ್ನು ಸಭಾ ಹಿರಿಯರಾಗಿ ಕಮಿಟಿಗೆ ಆರಿಸಿದ್ದಾರೆ. ಮುಂದಿನ ಭಾನುವಾರ ಪಾಸ್ಟರ್ ಎಲ್ಲರನ್ನೂ ಮುಂದೆ ಕರೆದು ಪ್ರಾರ್ಥನೆ ಮಾಡುತ್ತಾರೆ. ಒಂದು ಗ್ರೂಪ್ ಫೋಟೋ ಆಗುತ್ತದೆ. ಸೋಮವಾರದಿಂದ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಈ ಲೇಖನ ಅಂಥವರಿಗಾಗಿ. ನನ್ನ ಮನಸ್ಸಿನಲ್ಲಿರುವುದು ಬೆಂಗಳೂರಿನ ಹೊರವಲಯದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಕನ್ನಡ ಸಭೆಗಳು (ಸಭೆ ಅಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳು). ಕೋಲಾರ, ತುಮಕೂರು, ಹಾಸನ, ಧಾರವಾಡ, ಗದಗ ಕಡೆಯಿಂದ ಕೆಲಸಕ್ಕೆ ಬಂದವರು ಒಬ್ಬೊಬ್ಬರಾಗಿ ಸೇರಿ, ಐವತ್ತು ಮನೆಯ ಸಭೆ ಕೆಲವೇ ವರ್ಷದಲ್ಲಿ ಇನ್ನೂರು ಮನೆ ಆಗಿರುತ್ತದೆ. ಪಾಸ್ಟರ್ ಮಾತ್ರ ಒಬ್ಬರೇ. ಅವರಿಗೂ ಇನ್ನೆರಡು ಸಣ್ಣ ಸಭೆಗಳ ಜವಾಬ್ದಾರಿ ಇರುತ್ತದೆ. ಬೇರೆ ಪಂಗಡದವರಿಗೆ ಹೆಸರುಗಳು ಬದಲಾಗಬಹುದು, ಕೆಲಸ ಹೆಚ್ಚುಕಮ್ಮಿ ಇದೇ.

ಬೆಳೆದ ಸಭೆಯಲ್ಲಿ ಮೊದಲು ಕೈಕೊಡುವುದು ಹಿರಿಯರ ನೆನಪು. ಐವತ್ತು ಮನೆ ಇದ್ದಾಗ ಇವತ್ತು ಯಾರು ಬಂದಿಲ್ಲ ಅಂತ ಬಾಗಿಲಲ್ಲಿ ನಿಂತೇ ಗೊತ್ತಾಗುತ್ತಿತ್ತು. ಇನ್ನೂರಾದ ಮೇಲೆ ಮೂರು ತಿಂಗಳಿಂದ ಬರದವರೂ ಗಮನಕ್ಕೆ ಬರುವುದಿಲ್ಲ. ಹೊಸಬರು ತುಂಬಿರುತ್ತಾರೆ, ಬೆಂಚು ಖಾಲಿ ಕಾಣುವುದಿಲ್ಲ, ಅಲ್ವಾ? ಹಿರಿಯರ ಕೆಲಸ ಶುರುವಾಗಬೇಕಾದ್ದು ಇಲ್ಲಿಂದ. ಸೌಂಡ್ ಸಿಸ್ಟಂ, ಪ್ರೊಜೆಕ್ಟರ್, ಹೊಸ ಕಟ್ಟಡ ಎಲ್ಲ ಆಮೇಲೆ.

1. ರಿಜಿಸ್ಟರ್ ಬಿಚ್ಚಿ ನೋಡಿ

ಸದಸ್ಯರ ಹಳೇ ರಿಜಿಸ್ಟರ್ ಕೇಳಿ ತೆಗೆಸಿ. ಅದರಲ್ಲಿ ತೀರಿಹೋದವರು ಇರುತ್ತಾರೆ. ಮದುವೆಯಾಗಿ ಹುಬ್ಬಳ್ಳಿಗೆ ಹೋದ ಹೆಣ್ಣುಮಕ್ಕಳು ಇರುತ್ತಾರೆ. ವಿದೇಶಕ್ಕೆ ಹೋಗಿ ನೆಲೆಸಿದವರೂ ಇರುತ್ತಾರೆ. ಎರಡು ವರ್ಷದಿಂದ ಪ್ರತಿ ವಾರ ಮೂರನೇ ಸಾಲಿನಲ್ಲಿ ಕೂರುವ ಸಂಸಾರದ ಹೆಸರು ಮಾತ್ರ ಇರುವುದಿಲ್ಲ, ಯಾಕೆಂದರೆ ಊರಿನ ಸಭೆಯಿಂದ ವರ್ಗಾವಣೆ ಪತ್ರ ತಂದುಕೊಡಿ ಅಂತ ಅವರಿಗೆ ಯಾರೂ ಹೇಳಿಲ್ಲ.

ಒಂದು ಮನೆಗೆ ಒಂದು ಹಾಳೆ ಮಾಡಿ. ಮನೆಯವರೆಲ್ಲರ ಹೆಸರು, ವಯಸ್ಸು, ಫೋನ್, ವಿಳಾಸ, ಹುಟ್ಟೂರು ಮತ್ತು ಅಲ್ಲಿನ ಸಭೆ, ದೀಕ್ಷಾಸ್ನಾನ ಮತ್ತು ದೃಢೀಕರಣ (ಕನ್ಫರ್ಮೇಷನ್) ಆದ ವರ್ಷ. ಇದು ಎಲ್ಲ ಕಡೆ ಇರುವ ಫಾರಂ. ಇದಕ್ಕೆ ಮೂರು ಸಾಲು ಸೇರಿಸಿ. ಮನೆಯಲ್ಲಿ ಯಾವ ಭಾಷೆ ಓದಲು ಬರುತ್ತದೆ? ಯಾರಿಗೆ ಶಿಫ್ಟ್ ಡ್ಯೂಟಿ ಇದೆ? ಹಾಸಿಗೆ ಹಿಡಿದವರು ಅಥವಾ ಒಬ್ಬರೇ ಇರುವವರು ಯಾರಾದರೂ ಇದ್ದಾರಾ? ಈ ಮೂರಕ್ಕೆ ಸಿಗುವ ಉತ್ತರ ಉಳಿದೆಲ್ಲ ಕಾಲಂಗಳಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಭಾನುವಾರ ಬೆಳಿಗ್ಗೆ ಡ್ಯೂಟಿ ಇರುವ ನರ್ಸ್‌ಗಳು, ಸೆಕ್ಯೂರಿಟಿ ಕೆಲಸದವರು ಎಷ್ಟು ಜನ ಅಂತ ಗೊತ್ತಾದರೆ ಸಂಜೆ ಆರಾಧನೆ ಬೇಕೋ ಬೇಡವೋ ಅನ್ನುವುದಕ್ಕೆ ಕಮಿಟಿಯಲ್ಲಿ ಗಂಟೆಗಟ್ಟಲೆ ವಾದ ಮಾಡಬೇಕಾಗಿಲ್ಲ.

ಆಧಾರ್ ನಂಬರ್ ಕೇಳಬೇಡಿ, ಅದು ನಿಮಗೆ ಬೇಕಾಗಿಲ್ಲ. ತುಂಬಿದ ಹಾಳೆಯ ಫೋಟೋ ಹೊಡೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಆರಾಧನೆಗೆ ಬಂದು ಹೋಗುವ, ಆದರೆ ಸದಸ್ಯರಾಗಲು ಕೇಳದ ಜನರ ಹೆಸರನ್ನು ಅವರನ್ನು ಕೇಳದೆ ಬರೆದುಕೊಳ್ಳಬೇಡಿ. ಬೇರೆ ಧರ್ಮದ ಹಿನ್ನೆಲೆಯವರು ದೀಕ್ಷಾಸ್ನಾನ ಕೇಳಿದರೆ ನೀವು ಹೂಂ ಅನ್ನುವುದೂ ಬೇಡ, ಊಹೂಂ ಅನ್ನುವುದೂ ಬೇಡ. ಪಾಸ್ಟರ್ ಹತ್ತಿರ ಕಳಿಸಿ. ಮತಾಂತರದ ಬಗ್ಗೆ ರಾಜ್ಯದಲ್ಲಿ 2022ರಲ್ಲಿ ಕಾನೂನು ಬಂದಿದೆ. ಅದರ ಇವತ್ತಿನ ಸ್ಥಿತಿ ಏನು ಅಂತ ಬಿಷಪ್ ಅವರ ಆಡಳಿತ ಪ್ರಾಂತ್ಯವಾದ ಡಯಾಸಿಸ್‌ನ ವಕೀಲರನ್ನು ಕೇಳಿಕೊಂಡೇ ಪಾಸ್ಟರ್ ಮುಂದಿನ ಹೆಜ್ಜೆ ಇಡಬೇಕು.

2. ಮನೆಗಳನ್ನು ಹಂಚಿಕೊಳ್ಳಿ

ಇದೇ ಮುಖ್ಯವಾದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಬೈಬಲಿನಲ್ಲಿ ಮೋಶೆಯ ಮಾವ ಇತ್ರೋ ಬಂದು, ಬೆಳಿಗ್ಗೆಯಿಂದ ಸಂಜೆವರೆಗೂ ಒಬ್ಬನೇ ಕೂತು ಎಲ್ಲರ ವ್ಯಾಜ್ಯ ತೀರಿಸುತ್ತಿದ್ದ ಅಳಿಯನಿಗೆ ಬುದ್ಧಿ ಹೇಳಿದ್ದು ವಿಮೋಚನಕಾಂಡ 18ರಲ್ಲಿದೆ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ. ಚರ್ಚಿನ ಪ್ರಸಂಗಗಳಲ್ಲಿ (ಉಪದೇಶಗಳಲ್ಲಿ) ಈ ಮಾತು ಎಷ್ಟೋ ಸಲ ಕೇಳಿದ್ದೇವೆ. ಆದರೆ ಕಮಿಟಿ ರಚನೆ ಮಾಡುವಾಗ ನಾವು ಹಂಚುವುದು ಹುದ್ದೆಗಳನ್ನು: ಕಾರ್ಯದರ್ಶಿ, ಖಜಾಂಚಿ, ಕಟ್ಟಡ ಸಮಿತಿ, ಊಟದ ಸಮಿತಿ. ಮನೆಗಳನ್ನು ಯಾರಿಗೂ ಹಂಚುವುದಿಲ್ಲ. ಹತ್ತಕ್ಕೊಬ್ಬ ಅನ್ನುವ ಕೊನೆಯ ಮೆಟ್ಟಿಲೇ ಬಿಟ್ಟುಹೋಗುತ್ತದೆ.

ಇದನ್ನು ಸರಿಯಾಗಿ ಮಾಡಿದವರು ಮೆಥಡಿಸ್ಟರು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅವರ ಪ್ರಾರ್ಥನಾ ಮಂದಿರದ ಮೇಲೆ ಸಾಲ ಇತ್ತು. ಜನರನ್ನು ಹನ್ನೆರಡು ಹನ್ನೆರಡರಂತೆ ಗುಂಪು ಮಾಡೋಣ, ಗುಂಪಿಗೊಬ್ಬ ನಾಯಕ ವಾರಕ್ಕೆ ತಲಾ ಒಂದು ಪೆನ್ನಿ ಎತ್ತಲಿ ಅಂತ ತೀರ್ಮಾನ ಆಯಿತು. ದುಡ್ಡು ಎತ್ತಲು ಮನೆಮನೆಗೆ ಹೋದ ನಾಯಕರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಜಗಳ ಎಲ್ಲ ಕಂಡಿತು. ಮೆಥಡಿಸ್ಟರ ಮುಖಂಡ ಜಾನ್ ವೆಸ್ಲಿ ಅಲ್ಲೇ ಅದರ ಬೆಲೆ ಕಂಡುಕೊಂಡರು. ವಸೂಲಿಗೆ ಶುರುವಾದ ಏರ್ಪಾಡು ಜನರನ್ನು ನೋಡಿಕೊಳ್ಳುವ ಏರ್ಪಾಡಾಯಿತು. ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚಿನಂಥ ಕನ್ನಡ ಸಭೆಗಳು ಬಂದಿದ್ದು ಇದೇ ವೆಸ್ಲಿ ಪರಂಪರೆಯಿಂದ. ಮಂಗಳೂರು ಕಡೆಯ ಕಥೋಲಿಕರಲ್ಲಿ ವಾಳೆಗೊಬ್ಬ (ವಾಳೆ ಅಂದರೆ ಕೆಲವು ಮನೆಗಳ ಗುಂಪು) ಗುರಿಕಾರ ಇರುವುದನ್ನು ನೋಡಿ. ಸಾವಾಗಲಿ, ಮದುವೆಯಾಗಲಿ, ಮೊದಲು ಸುದ್ದಿ ಮುಟ್ಟುವುದು ಅವನಿಗೆ.

ಹಾಗಾಗಿ ಹತ್ತರಿಂದ ಹನ್ನೆರಡು ಮನೆಗೆ ಒಬ್ಬರು. ಅದಕ್ಕಿಂತ ಜಾಸ್ತಿ ಬೇಡ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಗುಂಪು ನೋಡಿಕೊಂಡರೆ ಇನ್ನೂ ಒಳ್ಳೆಯದು, ಕೆಲವು ಮಾತು ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಹತ್ತಿರ ಮಾತ್ರ ಹೇಳುತ್ತಾರೆ. ಹಂಚುವಾಗ ಬಡಾವಣೆ, ಬಸ್ ರೂಟ್ ನೋಡಿ ಹಂಚಿ. ಬೇಕಾದವರು ಬೇಕಾದವರನ್ನು ಆರಿಸಿಕೊಳ್ಳಲು ಬಿಟ್ಟರೆ ಒಂದೇ ಊರಿನವರು, ಒಂದೇ ಬಳಗದವರು ಒಂದು ಗುಂಪಾಗುತ್ತಾರೆ. ಮುಂದಿನ ಚುನಾವಣೆಗೆ ಅದೇ ವೋಟ್ ಬ್ಯಾಂಕ್. ಕ್ರೈಸ್ತ ಸಭೆಯಲ್ಲಿ ಜಾತಿ ಇಲ್ಲ ಅಂತ ಮೈಕಿನಲ್ಲಿ ಹೇಳುತ್ತೇವೆ. ಬ್ಯಾಲೆಟ್ ಎಣಿಸಿದವರಿಗೆ ಬೇರೆಯೇ ಗೊತ್ತಿರುತ್ತದೆ.

ಮನೆಗೆ ಹೋಗುವುದು ಹೇಗೆ? ಮೊದಲು ಫೋನ್ ಮಾಡಿ. ಇಬ್ಬರು ಹೋಗಿ, ಆರು ಜನ ಬೇಡ. ಬಾಡಿಗೆಯ ಒಂದು ರೂಮಿನ ಮನೆಯಲ್ಲಿ ಆರು ಜನ ಬಂದರೆ ಆ ತಾಯಿ ಪಕ್ಕದ ಮನೆಯಿಂದ ಲೋಟ ತರಬೇಕಾಗುತ್ತದೆ. ಟೀ ಕೊಟ್ಟರೆ ಕುಡಿಯಿರಿ, ಬೇಡ ಅಂದರೆ ನೊಂದುಕೊಳ್ಳುತ್ತಾರೆ. ಮೊದಲ ಭೇಟಿಯಲ್ಲಿ ಚಂದಾ ಬಾಕಿಯ ಮಾತು ಎತ್ತಬೇಡಿ. ಯಾಕೆ ಚರ್ಚಿಗೆ ಬರುತ್ತಿಲ್ಲ ಅಂತಲೂ ಕೇಳಬೇಡಿ. ಸುಮ್ನೆ ಊರಿನ ಬಗ್ಗೆ ಕೇಳಿ. ಮಳೆ ಹೇಗಿದೆ, ಅಪ್ಪ ಅಮ್ಮ ಯಾರ ಹತ್ತಿರ ಇದ್ದಾರೆ, ಮಗು ಯಾವ ಸ್ಕೂಲು. ಅರ್ಧ ಗಂಟೆ ಸಾಕು. ಹೊರಡುವಾಗ ಬೈಬಲಿನ ಒಂದು ಕೀರ್ತನೆ ಓದಿ. 23ನೇ ಕೀರ್ತನೆ ಎಲ್ಲರಿಗೂ ಬಾಯಿಪಾಠ ಇರುತ್ತದೆ, ಮನೆಯ ಅಜ್ಜಿಯ ಕೈಯಲ್ಲೇ ಹೇಳಿಸಿ. ಆಮೇಲೆ, "ಏನಕ್ಕೆ ಪ್ರಾರ್ಥನೆ ಮಾಡೋಣ?" ಅಂತ ಕೇಳಿ.

ಆ ಪ್ರಶ್ನೆಗೆ ಬರುವ ಉತ್ತರದಲ್ಲಿ ಮನೆಯ ನಿಜವಾದ ವಿಷಯ ಇರುತ್ತದೆ. "ಎಲ್ಲ ಚೆನ್ನಾಗಿದೆ ಅಣ್ಣ, ಇವರ ಕೆಲಸಕ್ಕೆ ಪ್ರಾರ್ಥನೆ ಮಾಡಿ" ಅಂದರೆ ಗಂಡನ ಕೆಲಸ ಹೋಗಿ ಎರಡು ತಿಂಗಳಾಗಿದೆ ಅಂತಲೂ ಇರಬಹುದು. ಅಲ್ಲೇ ಬಗೆದು ಕೇಳಬೇಡಿ. ಪ್ರಾರ್ಥನೆ ಮಾಡಿ ಬನ್ನಿ, ನಾಲ್ಕು ದಿನ ಬಿಟ್ಟು ಫೋನ್ ಮಾಡಿ. ಅಲ್ಲಿ ಕೇಳಿದ ವಿಷಯ ಪಾಸ್ಟರ್‌ಗೆ ಗೊತ್ತಾಗಬೇಕಾದ್ದಾದರೆ ಆ ಮನೆಯವರ ಒಪ್ಪಿಗೆ ಕೇಳಿ ಹೇಳಿ. ಪ್ರಾರ್ಥನಾ ವಿಷಯ ಅನ್ನುವ ಹೆಸರಿನಲ್ಲಿ ಸಭೆಯ ತುಂಬ ಸುದ್ದಿ ಹರಡುವುದು ನಮ್ಮಲ್ಲಿ ಬಹಳ ಸುಲಭ.

ಸಾವಿನ ಮನೆಯ ವಿಷಯದಲ್ಲಿ ಇನ್ನೊಂದು ಮಾತು. ಮೊದಲ ಮೂರು ದಿನ ಜನ ತುಂಬಿರುತ್ತಾರೆ, ನಿಮ್ಮ ಅಗತ್ಯ ಅಷ್ಟಿಲ್ಲ. ಸಮಾಧಿಗೆ ಜಾಗ, ಪೆಟ್ಟಿಗೆ, ವ್ಯಾನ್ ಇಷ್ಟನ್ನು ಒಬ್ಬರು ನೋಡಿಕೊಂಡರೆ ಸಾಕು. ನೀವು ಬೇಕಾಗುವುದು ನಲವತ್ತು ದಿನ ಕಳೆದ ಮೇಲೆ. ಪೆನ್ಷನ್ ಅರ್ಜಿ, ಬ್ಯಾಂಕಿನ ನಾಮಿನಿ ಫಾರಂ, ಮರಣ ಪ್ರಮಾಣಪತ್ರದ ಪ್ರತಿಗಳು ಅಂತ ವಿಧವೆಯೊಬ್ಬಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುತ್ತಾಳೆ. ಸಭೆಯಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಮೇಷ್ಟ್ರುಗಳು ಇದ್ದೇ ಇರುತ್ತಾರೆ. ಒಬ್ಬರನ್ನು ಜೊತೆಗೆ ಕಳಿಸಿ.

3. ಹೊಸ ನಾಯಕರನ್ನು ಹುಡುಕುವುದು

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಇನ್ನೊಮ್ಮೆ ಓದಿ. ಯೆರೂಸಲೇಮಿನ ಸಭೆ ಬೆಳೆಯುತ್ತಿತ್ತು, ಗೊಣಗಾಟವೂ ಶುರುವಾಯಿತು. ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಗ್ರೀಕ್ ಮಾತಾಡುವವರು ದೂರಿದರು. ಅಪೊಸ್ತಲರು ಏಳು ಜನರನ್ನು ಆರಿಸಿಕೊಳ್ಳಿ ಅಂದರು. ಆ ಏಳು ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಅಂದರೆ ಯಾರಿಗೆ ದೂರು ಇತ್ತೋ ಆ ಕಡೆಯವರ ಕೈಗೇ ಊಟದ ಉಸ್ತುವಾರಿ ಹೋದ ಹಾಗೆ ಕಾಣುತ್ತದೆ.

ನಮ್ಮಲ್ಲಿ ಇದಕ್ಕೆ ಉಲ್ಟಾ. ಯಾರು ಗೊಣಗುತ್ತಾರೋ ಅವರನ್ನು ದೂರ ಇಡುತ್ತೇವೆ. ಉತ್ತರ ಕರ್ನಾಟಕದ ಕುಟುಂಬಗಳು ನಮ್ಮ ಕಡೆ ಹಾಡು ಒಂದೂ ಹಾಡುವುದಿಲ್ಲ ಅಂತ ಬೇಜಾರು ಮಾಡಿಕೊಂಡರೆ, ತಿಂಗಳಿಗೊಂದು ಭಾನುವಾರ ಹಾಡಿನ ಜವಾಬ್ದಾರಿ ಅವರಿಗೇ ಕೊಡಿ. ಸಂಡೇ ಸ್ಕೂಲ್ ಇಂಗ್ಲಿಷಿನಲ್ಲಿ ಬೇಕು ಅಂತ ಕೇಳುವ ತಂದೆತಾಯಿ ಇದ್ದರೆ, ಒಂದು ತರಗತಿ ತೆಗೆದುಕೊಳ್ಳಿ ಅಂತ ಅವರನ್ನೇ ಕೇಳಿ. ಕೆಲವರು ಅಲ್ಲಿಗೇ ಸುಮ್ಮನಾಗುತ್ತಾರೆ. ಕೆಲವರು ಬಂದು ನಿಂತು ಮಾಡುತ್ತಾರೆ, ನಿಮಗೆ ಬೇಕಾದ್ದು ಅವರೇ.

ಕೇಳುವ ರೀತಿ ಮುಖ್ಯ. "ಯಾರಾದರೂ ಮುಂದೆ ಬನ್ನಿ" ಅಂತ ಪ್ರಕಟಣೆಯಲ್ಲಿ ಹೇಳಿದರೆ ಬರುವವರು ಯಾವಾಗಲೂ ಅದೇ ನಾಲ್ಕು ಜನ. ಮನೆಗೆ ಹೋಗಿ ಕೇಳಿ. ಕೆಲಸ ಏನು, ವಾರಕ್ಕೆ ಎಷ್ಟು ಹೊತ್ತು, ಎಷ್ಟು ತಿಂಗಳಿಗೆ, ಯಾರ ಜೊತೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಅವಧಿ ಹೇಳದೆ ಕೆಲಸ ಕೊಟ್ಟರೆ ಅದು ಜೀವಾವಧಿ ಅಂತ ಜನರಿಗೆ ಗೊತ್ತು. ಅದಕ್ಕೇ ಒಪ್ಪುವುದಿಲ್ಲ.

ದೊಡ್ಡ ಕೆಲಸಕ್ಕೆ ಮೊದಲು ಸಣ್ಣ ಕೆಲಸದಲ್ಲಿ ನೋಡಿ. ಕ್ರಿಸ್ಮಸ್ ಹೊತ್ತಿಗೆ ಮನೆಮನೆಗೆ ಹಾಡುತ್ತಾ ಹೋಗುವ ಕ್ಯಾರಲ್ ರೌಂಡ್ಸ್‌ನ ವ್ಯಾನ್ ಹೊಂದಿಸುವುದು, ಬೇಸಿಗೆ ರಜೆಯ ಬೈಬಲ್ ಶಾಲೆಯಾದ ವಿಬಿಎಸ್‌ನಲ್ಲಿ ಮಕ್ಕಳಿಗೆ ತಿಂಡಿ ಹಂಚುವುದು, ಬೆಳೆಹಬ್ಬದ ಲೆಕ್ಕ ಬರೆಯುವುದು. ಹೇಳಿದ ಹೊತ್ತಿಗೆ ಬರುತ್ತಾರಾ? ಉಳಿದ ದುಡ್ಡು ತಾವಾಗಿ ತಂದುಕೊಡುತ್ತಾರಾ? ಕುರ್ಚಿ ಮಡಚುವ ಹೊತ್ತಿನಲ್ಲಿ ಇರುತ್ತಾರಾ? ಒಬ್ಬರಿಗೆ ಎರಡು ಹುದ್ದೆ ಬೇಡ. ಸ್ತ್ರೀಯರ ಕೂಟದಲ್ಲಿ ವರ್ಷಗಟ್ಟಲೆ ಲೆಕ್ಕ ಇಟ್ಟು ಒಂದು ರೂಪಾಯಿ ಹೆಚ್ಚುಕಮ್ಮಿ ಮಾಡದ ಹೆಂಗಸರು ಪ್ರತಿ ಸಭೆಯಲ್ಲೂ ಇದ್ದಾರೆ. ಖಜಾಂಚಿ ಹುಡುಕುವಾಗ ಮಾತ್ರ ನಾವು ಗಂಡಸರ ಸಾಲಿನ ಕಡೆಯೇ ನೋಡುತ್ತೇವೆ.

4. ಕಾಣಿಕೆ

ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಹಣ ಒಯ್ಯುವಾಗ ಜೊತೆಗೆ ಬೇರೆಯವರನ್ನೂ ಕಳಿಸುತ್ತಾನೆ. ನಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿ ಇರಬೇಕು ಅನ್ನುತ್ತಾನೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಅನ್ನುವ ಖಜಾಂಚಿಗೆ ಈ ಮಾತು ತೋರಿಸಿ.

ಎಣಿಕೆ ಹೀಗೆ ಮಾಡಿ. ಆರಾಧನೆ ಮುಗಿದ ಕೂಡಲೇ ವೆಸ್ಟ್ರಿಯ (ಚರ್ಚಿನ ಪಕ್ಕದ ಕೋಣೆಯ) ಮೇಜಿನ ಮೇಲೆ ಚೀಲ ಸುರಿಯಿರಿ. ಮನೆಗೆ ಒಯ್ದು ಎಣಿಸುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ಎಣಿಸುವವರು ಇಬ್ಬರು, ಒಂದೇ ಮನೆಯವರಾಗಿರಬಾರದು, ಪ್ರತಿ ವಾರ ಬೇರೆ ಬೇರೆ. ಖಜಾಂಚಿ ಪಕ್ಕದಲ್ಲಿ ನಿಂತು ಬರೆದುಕೊಳ್ಳಲಿ, ಎಣಿಸುವುದು ಬೇಡ. ಮೊದಲು ಕವರುಗಳು. ಒಂದೊಂದನ್ನೇ ಒಡೆದು, ಕವರಿನ ಮೇಲೆ ಬರೆದ ಮೊತ್ತಕ್ಕೂ ಒಳಗಿನ ನೋಟಿಗೂ ತಾಳೆ ನೋಡಿ, ಟಿಕ್ ಹಾಕಿ. ಕೃತಜ್ಞತಾ ಕಾಣಿಕೆ, ಮಿಷನ್ ಕಾಣಿಕೆ, ತಿಂಗಳ ಚಂದಾ ಬೇರೆ ಬೇರೆ ಗುಡ್ಡೆ ಮಾಡಿ. ಆಮೇಲೆ ಬಿಡಿ ನೋಟು: 500, 200, 100, 50, 20, 10. ನಾಲ್ಕು ಮಡಿಕೆ ಮಾಡಿದ ಹತ್ತು ರೂಪಾಯಿ ನೋಟುಗಳು, ಸಂಡೇ ಸ್ಕೂಲ್ ಡಬ್ಬಿಯ ನಾಣ್ಯಗಳು ಕೊನೆಗೆ. ಚೀಟಿ ಎರಡು ಪ್ರತಿ, ಮೂವರ ಸಹಿ, ಒಂದು ಪ್ರತಿ ಕಾರ್ಯದರ್ಶಿಗೆ. ಸೋಮವಾರ ಬ್ಯಾಂಕಿಗೆ ಪೂರ್ತಿ ಹಣ ಹೋಗಬೇಕು. ಎಲೆಕ್ಟ್ರಿಷಿಯನ್‌ಗೆ ಕೊಡಬೇಕಿತ್ತು ಅಂತ ಚೀಲದಿಂದಲೇ ತೆಗೆದುಕೊಟ್ಟರೆ ಲೆಕ್ಕ ಅಲ್ಲೇ ದಾರಿ ತಪ್ಪುತ್ತದೆ.

ಯುಪಿಐ ಬಂದ ಮೇಲೆ ಹೊಸ ತಲೆನೋವು. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸಭೆಯ ಖಾತೆಯದ್ದೇ ಆಗಿರಬೇಕು. ಖಜಾಂಚಿಯ ಸ್ವಂತ ನಂಬರ್‌ಗೆ ಹಾಕಿಸಿಕೊಂಡು ಆಮೇಲೆ ವರ್ಗಾಯಿಸುತ್ತೇನೆ ಅನ್ನುವುದು ಎಷ್ಟೇ ಪ್ರಾಮಾಣಿಕರಾದರೂ ಸರಿಯಲ್ಲ. ಆಗಾಗ ನೀವೇ ಒಂದು ರೂಪಾಯಿ ಕಳಿಸಿ ಯಾರ ಹೆಸರು ಬರುತ್ತದೆ ನೋಡಿ. ಕೋಡಿನ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ಹೋಗುವವರಿದ್ದಾರೆ.

ಬೆಳೆಹಬ್ಬದಲ್ಲಿ ಕಾಣಿಕೆಯಾಗಿ ಬಂದ ತರಕಾರಿಯ ಹರಾಜನ್ನು ಮರೆಯಬೇಡಿ. ಒಂದು ಕುಂಬಳಕಾಯಿ ಸಾವಿರಾರು ರೂಪಾಯಿಗೆ ಹೋಗುತ್ತದೆ, ಎಲ್ಲರಿಗೂ ಖುಷಿ. ದುಡ್ಡು ಮಾತ್ರ ಎಷ್ಟೋ ಸಲ ಆಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಕೂಗಿದವರ ಹೆಸರು, ಫೋನ್, ಮೊತ್ತ ಬರೆದುಕೊಳ್ಳಲು ಒಬ್ಬರನ್ನು ಮೈಕಿನ ಪಕ್ಕದಲ್ಲೇ ಕೂರಿಸಿ. ಬಾಕಿ ಉಳಿಸಿಕೊಂಡವರ ಹೆಸರನ್ನು ಪ್ರಕಟಣೆಯಲ್ಲಿ ಓದಬೇಡಿ, ಒಂದು ಫೋನ್ ಸಾಕು. ವಾರ್ಷಿಕ ವರದಿಯಲ್ಲಿ ಯಾರು ಎಷ್ಟು ಕೊಟ್ಟರು ಅಂತ ಮನೆವಾರು ಪಟ್ಟಿ ಅಚ್ಚು ಹಾಕುವ ಪದ್ಧತಿಯನ್ನೂ ನಿಲ್ಲಿಸುವುದು ಒಳ್ಳೆಯದು. ಲೆಕ್ಕ ಪಾರದರ್ಶಕ ಇರಬೇಕು ನಿಜ, ಬಡವರ ಬಡತನ ಅಚ್ಚಾಗಬೇಕಾಗಿಲ್ಲ.

ಕಾನೂನಿನ ಕೆಲವು ಮಾತು. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ಆದಾಯ ತೆರಿಗೆ ಕಾನೂನು ಅದನ್ನು ನಿಷೇಧಿಸುತ್ತದೆ. ಕಾಣಿಕೆ ಕೊಟ್ಟವರಿಗೆ ತೆರಿಗೆ ವಿನಾಯಿತಿ (80ಜಿ ಅಂತ ಕರೆಯುವುದು) ಸಿಗುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. ಬರೀ ಧಾರ್ಮಿಕ ಉದ್ದೇಶದ ಸಂಸ್ಥೆಗಳಿಗೆ ಅದು ಸಿಗುವುದಿಲ್ಲ. ವಿದೇಶದಿಂದ ಹಣ ಬರುವ ವಿಷಯ ಇನ್ನೂ ಸೂಕ್ಷ್ಮ. ದುಬೈಯಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ಮಗ ತನ್ನ ಸಂಬಳದಿಂದ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದ ಅಣ್ಣ ಕಳಿಸಿದರೆ ಹೌದು. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬೀಳಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಪ್ರೀತಿಯಿಂದ ಕೊಟ್ಟಿದ್ದು ಅಂತ ಇಲ್ಲಿನ ಖಾತೆಗೆ ಹಾಕಿಸಿಕೊಂಡರೆ ಉತ್ತರ ಕೊಡಬೇಕಾದವರು ನೀವು.

5. ಪಾಸ್ಟರ್ ಮತ್ತು ನೀವು

1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದಿಳಿದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಎಂಬತ್ತು ವರ್ಷ ಸಭೆಗಳನ್ನು ಕಟ್ಟಿತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಶಿಬಿರದಲ್ಲಿಟ್ಟಿತು, ಆಮೇಲೆ ವಾಪಸ್ ಕಳಿಸಿತು. ಸಭೆಗಳು ಮುಚ್ಚಲಿಲ್ಲ. ಊರಿನ ಬೋಧಕರು, ಹಿರಿಯರು ನಡೆಸಿಕೊಂಡು ಹೋದರು. ಇವತ್ತು ಅಷ್ಟು ದೊಡ್ಡ ಏಟೇನೂ ಇಲ್ಲ, ಆದರೆ ಪಾಸ್ಟರ್ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಹೊಸಬರು ಬಂದಾಗ ಯಾರ ಮನೆ ಎಲ್ಲಿದೆ ಅಂತ ತೋರಿಸುವವರು ನೀವು.

ಅದರಿಂದ ಒಂದು ಅಪಾಯವೂ ಇದೆ. "ಪಾಸ್ಟರ್‌ಗಳು ಬರುತ್ತಾರೆ ಹೋಗುತ್ತಾರೆ, ಚರ್ಚು ನಮ್ಮದು" ಅನ್ನುವ ಹಿರಿಯರನ್ನು ಎಲ್ಲರೂ ನೋಡಿದ್ದೇವೆ. ಇನ್ನೊಂದು ಕಡೆ, ಪಾಸ್ಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕಮಿಟಿಯೂ ಕೆಲಸಕ್ಕೆ ಬಾರದು. ವಾರಕ್ಕೊಮ್ಮೆ ಕಾರ್ಯದರ್ಶಿ ಮತ್ತು ಪಾಸ್ಟರ್ ಅರ್ಧ ಗಂಟೆ ಕೂತು ಮಾತಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಯಾರ ಮನೆಗೆ ಅವರೇ ಹೋಗಬೇಕು, ಯಾರ ಮನೆಗೆ ನೀವು ಹೋದರೆ ಸಾಕು ಅಂತ ಪಟ್ಟಿ ಮಾಡಿಕೊಳ್ಳಿ. ಭಿನ್ನಾಭಿಪ್ರಾಯ ಇದ್ದರೆ ಅವರ ಕೋಣೆಯಲ್ಲಿ ಹೇಳಿ, ಚರ್ಚಿನ ಗೇಟಿನ ಹತ್ತಿರ ಬೇಡ.

ಗಡಿ ಸ್ಪಷ್ಟ ಇರಲಿ. ಆರಾಧನೆ ನಡೆಸುವುದು, ಬೈಬಲ್ ವಾಕ್ಯ ಓದುವುದು, ಒಪ್ಪಿಗೆ ಇದ್ದರೆ ಪ್ರಸಂಗ ಮಾಡುವುದು ನಿಮ್ಮಿಂದ ಆಗುತ್ತದೆ. ಕರ್ತನ ಭೋಜನದ (ಕಮ್ಯುನಿಯನ್) ಅಧ್ಯಕ್ಷತೆ ಅಭಿಷಿಕ್ತ ಸಭಾಪಾಲಕರದ್ದು, ಅಂದರೆ ಪಾಸ್ಟರ್ ಅವರದ್ದು. ಮದುವೆಯ ವಿಷಯದಲ್ಲಿ ಸಭೆಯ ನಿಯಮ ಮಾತ್ರವಲ್ಲ, 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯೂ ಇದೆ. ಅಧಿಕಾರ ಇಲ್ಲದವರು ಮದುವೆ ಮಾಡಿಸುವುದು ಅಪರಾಧ. ನಿಮ್ಮ ಕೆಲಸ ಮದುವೆ ಪ್ರಕಟಣೆಗೆ ಮುಂಚೆ ವಯಸ್ಸಿನ ದಾಖಲೆ ನೋಡುವುದು. ಹುಡುಗಿಗೆ 18, ಹುಡುಗನಿಗೆ 21 ತುಂಬಿದೆಯಾ ಅಂತ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳಿ, ಸ್ವಂತ ತಂಗಿಯ ಮಗಳಾದರೂ.

6. ಮಕ್ಕಳ ವಿಷಯ

ಇದು ಚಿಕ್ಕದು, ಆದರೆ ಇದರಲ್ಲಿ ರಾಜಿ ಇಲ್ಲ. ಸಂಡೇ ಸ್ಕೂಲ್, ವಿಬಿಎಸ್, ಕ್ಯಾಂಪು, ಎಲ್ಲೇ ಆಗಲಿ, ಒಬ್ಬ ದೊಡ್ಡವರ ಜೊತೆ ಒಂದು ಮಗು ಮುಚ್ಚಿದ ಕೋಣೆಯಲ್ಲಿ ಇರಬಾರದು. ಪ್ರತಿ ತರಗತಿಗೆ ಇಬ್ಬರು. ಹೊಸಬರಿಗೆ ಮೊದಲ ಆರು ತಿಂಗಳು ಮಕ್ಕಳ ಕೆಲಸ ಬೇಡ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ಹೇಳಲೇಬೇಕು, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ಹೇಳದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. "ಸಭೆಯ ಮರ್ಯಾದೆ ಹೋಗುತ್ತದೆ, ನಮ್ಮಲ್ಲೇ ಮಾತಾಡಿ ಮುಗಿಸೋಣ" ಅನ್ನುವವರು ಕಮಿಟಿಯಲ್ಲಿ ಇರುತ್ತಾರೆ. ಅವರ ಮಾತು ಕೇಳಬೇಡಿ.

7. ಪುಲ್ಪಿಟ್ (ಪ್ರಸಂಗದ ಪೀಠ) ಹತ್ತುವವರನ್ನು ತಯಾರು ಮಾಡಿ

ಶುಭ ಶುಕ್ರವಾರದ ಆರಾಧನೆಗಿಂತ ಒಳ್ಳೆಯ ತರಬೇತಿ ಇಲ್ಲ. ಮಧ್ಯಾಹ್ನ 12ರಿಂದ 3, ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತು, ಏಳು ಜನ. ತಲಾ ಹತ್ತು ನಿಮಿಷ. ಅದರಲ್ಲಿ ಎರಡಾದರೂ ಮಾತು ಎಂದೂ ಮೈಕ್ ಹಿಡಿಯದವರಿಗೆ ಕೊಡಿ. "ನನಗೆ ನೀರಡಿಕೆಯಾಗಿದೆ" ಅನ್ನುವುದರ ಮೇಲೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ಏನು ಹೇಳುತ್ತಾಳೆ ಕೇಳಿ. ಮೂರು ವಾರ ಮುಂಚೆ ಹೇಳಿ, ಬರೆದು ತರಲು ಹೇಳಿ, ಪಾಸ್ಟರ್ ಒಮ್ಮೆ ಓದಿ ನೋಡಲಿ. ಹತ್ತು ನಿಮಿಷಕ್ಕೆ ಗಂಟೆ ಬಾರಿಸುವವರೂ ಇರಲಿ, ಇಲ್ಲದಿದ್ದರೆ ನಾಲ್ಕನೇ ಮಾತಿಗೇ 3 ಗಂಟೆ ಆಗಿಬಿಡುತ್ತದೆ.

8. ಕಟ್ಟಡಕ್ಕೆ ಅವಸರ ಬೇಡ

ಜಾಗ ಸಾಲದಾಯಿತು ಅಂದ ಕೂಡಲೇ ಹೊಸ ಚರ್ಚು ಕಟ್ಟುವ ಮಾತು ಬರುತ್ತದೆ. ಮೊದಲು ಎರಡನೇ ಆರಾಧನೆ ಇಟ್ಟು ಒಂದು ವರ್ಷ ನೋಡಿ. ಖರ್ಚು ಕಮ್ಮಿ, ಬೇಡವಾದರೆ ನಿಲ್ಲಿಸಬಹುದು. ಕಟ್ಟಡ ಸಮಿತಿ ಶುರುವಾದ ಮೇಲೆ ಮನೆ ಭೇಟಿ ನಿಂತುಹೋಗುವುದನ್ನು ಎಷ್ಟೋ ಕಡೆ ನೋಡಬಹುದು. ಹಿರಿಯರೆಲ್ಲ ಸಿಮೆಂಟ್ ದರ ಮಾತಾಡುತ್ತಿರುತ್ತಾರೆ.

ಕಟ್ಟಲೇಬೇಕು ಅಂತಾದರೆ ಜಮೀನು ಯಾರ ಹೆಸರಲ್ಲಿದೆ ಅಂತ ಮೊದಲು ನೋಡಿ. ಸಿಎಸ್‌ಐನಲ್ಲಿ ಆಸ್ತಿ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿರುತ್ತದೆ, ಕಮಿಟಿ ತಾನೇ ಮಾರುವಂತಿಲ್ಲ, ಅಡ ಇಡುವಂತಿಲ್ಲ. ಹಿರಿಯರೊಬ್ಬರ ಹೆಸರಲ್ಲಿ ಸೈಟು ಕೊಂಡು ಆಮೇಲೆ ಬರೆದುಕೊಡುತ್ತೇನೆ ಅನ್ನುವ ಏರ್ಪಾಡು ಅವರ ಮಕ್ಕಳ ಕಾಲಕ್ಕೆ ಕೋರ್ಟಿಗೆ ಹೋಗುವ ಸಾಧ್ಯತೆಯೇ ಜಾಸ್ತಿ. ಅಕ್ಕಪಕ್ಕದ ಮನೆಯವರನ್ನೂ ಹೋಗಿ ಮಾತಾಡಿಸಿ. ಪಾರ್ಕಿಂಗ್ ಅವರ ಗೇಟಿಗೆ ಅಡ್ಡ ಬರುತ್ತಾ? ಸ್ಪೀಕರ್ ಅವರ ಮಲಗುವ ಕೋಣೆಯ ಕಡೆ ಮುಖ ಮಾಡಿದೆಯಾ? ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಡಿಸೆಂಬರ್ 31ರ ರಾತ್ರಿಯ ಹೊಸ ವರ್ಷದ ಆರಾಧನೆ, ಅಂದರೆ ವಾಚ್ ನೈಟ್‌ಗೆ ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಡಿ, ಹೊರಗಿನ ಸ್ಪೀಕರ್ ಆಫ್ ಮಾಡಿ. ಮರುದಿನ ಪಕ್ಕದ ಮನೆಗೆ ಕೇಕ್ ಕಳಿಸಿ.

9. ಬಿಟ್ಟುಕೊಡುವುದು

ಅವಧಿ ಮುಗಿಯುವ ಆರು ತಿಂಗಳ ಮುಂಚೆಯೇ ಶುರು ಮಾಡಿ. ನಿಮ್ಮ ಹತ್ತು ಮನೆಗಳಿಗೆ ಮುಂದೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಪ್ರತಿ ಮನೆಗೂ ಒಮ್ಮೆಯಾದರೂ. ಬ್ಯಾಂಕಿನ ಸಹಿ ಬದಲಾವಣೆ, ವಿದ್ಯುತ್ ಬಿಲ್ಲಿನ ನಂಬರ್, ಸ್ಮಶಾನದ ನಕ್ಷೆ, ಕೀಲಿಗಳು, ವಾಟ್ಸ್ಆ್ಯಪ್ ಗ್ರೂಪಿನ ಅಡ್ಮಿನ್ ಎಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಡಿ. ಅರ್ಧಕ್ಕೆ ನಿಂತ ಕೆಲಸಗಳನ್ನೂ ಬರೆಯಿರಿ: ಯಾರಿಗೆ ಆಸ್ಪತ್ರೆ ಖರ್ಚಿಗೆ ಎಷ್ಟು ಕೊಡುತ್ತೇವೆ ಅಂದಿದ್ದಿರಿ, ಯಾವ ಹುಡುಗಿಯ ಫೀಸ್ ಕಟ್ಟುವುದು ಬಾಕಿ ಇದೆ, ಯಾರ ವರ್ಗಾವಣೆ ಪತ್ರ ಊರಿಂದ ಇನ್ನೂ ಬಂದಿಲ್ಲ.

ಆಮೇಲೆ ಒಂದು ವರ್ಷ ಕಮಿಟಿ ಕೋಣೆಯ ಕಡೆ ಹೋಗಬೇಡಿ. ಹೊಸ ಕಾರ್ಯದರ್ಶಿ ಕುರ್ಚಿಗಳನ್ನು ಬೇರೆ ರೀತಿ ಜೋಡಿಸುತ್ತಾರೆ, ಸಹಿಸಿಕೊಳ್ಳಿ. ಫೋನ್ ಮಾಡಿ ಕೇಳಿದರೆ ಮಾತ್ರ ಹೇಳಿ.